ಹಗುರದ ರಿವಾಲ್ವರ್ ತಗೊಳ್ಳಲಾ, ಉಕ್ಕಿನದ್ದೇ ಸರಿಯಾ?

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. ನನಗೆ 54 ವರ್ಷ. ಯಜಮಾನರು ಹೋದ ಮೇಲೆ ತೋಟದ ಮನೆಯಲ್ಲಿ ಹೆಚ್ಚು ದಿನ ಒಬ್ಬಳೇ ಇರುತ್ತೇನೆ. ಬಟವಾಡೆಯ ಹಿಂದಿನ ದಿನ ಬ್ಯಾಂಕಿನಿಂದ ದುಡ್ಡು ತರುವವಳೂ ನಾನೇ. .32 ರಿವಾಲ್ವರ್‌ಗೆ ಲೈಸೆನ್ಸ್ ಸಿಕ್ಕಿದೆ. ಹೆಂಗಸರಿಗೆ ಹಗುರದ್ದೇ ಒಳ್ಳೆಯದು ಅಂತ ಅಂಗಡಿಯವರು ಟೈಟಾನಿಯಂನ ನಿರ್ಭೀಕ್ ತೋರಿಸಿದರು. ಹಗುರದ್ದು ಜಾಸ್ತಿ ಒದೆಯುತ್ತದೆ, ಬೇಗ ಹಾಳಾಗುತ್ತದೆ, ಉಕ್ಕಿನದ್ದೇ ತಗೊಳ್ಳಿ ಅಂತ ಮೈದುನ ಹೇಳುತ್ತಾರೆ. ನಮ್ಮ ಮಳೆಗೆ ಉಕ್ಕು ತುಕ್ಕು ಹಿಡಿಯುತ್ತದೆ ಅನ್ನುವ ಭಯ ನನ್ನದು. ಬಲಗೈ ಮಣಿಕಟ್ಟು ಬೇರೆ ಸ್ವಲ್ಪ ನೋಯುತ್ತದೆ. ರಾತ್ರಿ ಹೊತ್ತು ತೋಟಕ್ಕೆ ಆನೆ ಬರುತ್ತದೆ, ಅದಕ್ಕೂ ಇದು ಆಗುತ್ತದಾ? ಯಾವುದು ತಗೊಳ್ಳಲಿ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಆನೆಗೆ ರಿವಾಲ್ವರ್ ಬೇಡವೇ ಬೇಡ. .32ರ ಗುಂಡು ಆರೂವರೆ ಗ್ರಾಂ ಕೂಡ ತೂಗುವುದಿಲ್ಲ. ಅದು ಆನೆಯನ್ನು ನಿಲ್ಲಿಸುವುದಿಲ್ಲ, ಗಾಯ ಮಾಡಿ ಕೆರಳಿಸುತ್ತದೆ ಅಷ್ಟೇ. ಗಾಯವಾದ ಆನೆ ಮಾರನೇ ದಿನ ಬೆಳಗ್ಗೆ ಕಾಫಿ ಗಿಡಗಳ ಮಧ್ಯೆ ನಿಂತಿದ್ದರೆ, ಗೊತ್ತಿಲ್ಲದೆ ಅದರ ಎದುರಿಗೆ ಹೋಗುವವರು ನಿಮ್ಮ ತೋಟದ ಆಳುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ಅದರ ಮೇಲೆ ಬೇರೆ. ಆನೆ ಬಂದರೆ ಒಳಗಿರಿ, ಲೈಟು ಹಾಕಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ರಿವಾಲ್ವರ್ ಇರುವುದು ಒಂದೇ ಸಂದರ್ಭಕ್ಕೆ. ಏಳೆಂಟು ಗಜದ ಒಳಗೆ ಮನುಷ್ಯನಿಂದ ಜೀವಕ್ಕೆ ಅಪಾಯ ಬಂದಿದೆ, ಓಡುವುದಕ್ಕೂ ಬಾಗಿಲು ಹಾಕಿಕೊಳ್ಳುವುದಕ್ಕೂ ದಾರಿ ಇಲ್ಲ ಅನ್ನುವಾಗ ಮಾತ್ರ.

ಈಗ ನಿಮ್ಮ ಆಯ್ಕೆಗೆ ಬರುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಉಕ್ಕಿನದ್ದೇ ಸರಿ. ಆದರೆ ಮೈದುನ ಹೇಳಿದ ಕಾರಣಕ್ಕಲ್ಲ. ಅವರು ಹೇಳಿದ ಎರಡೂ ಕಾರಣ .32ರ ವಿಷಯದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಕಾರಣ ಬೇರೆ ಇದೆ. ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ನಾನು ಮೂವತ್ತು ವರ್ಷ ಆರ್ಮರಿಯಲ್ಲಿ, ಅಂದರೆ ಆಯುಧಾಗಾರದಲ್ಲಿ, ಕೆಲಸ ಮಾಡಿ, ಆಮೇಲೆ ಲೈಸೆನ್ಸ್ ಇರುವವರಿಗೆ ಕಲಿಸುತ್ತಾ ನೋಡಿದ್ದೇನೆ, ಹೊಸದಾಗಿ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ.

ಒದೆತದ ಲೆಕ್ಕ ಮೊದಲು ನೋಡೋಣ. ಹಗುರದ ರಿವಾಲ್ವರ್ ಕೈ ಮುರಿಯುವ ಹಾಗೆ ಒದೆಯುತ್ತದೆ ಅನ್ನುವ ಮಾತು ಬಂದಿರುವುದು ಅಮೆರಿಕದಿಂದ. ಅಲ್ಲಿ ಸಣ್ಣ ರಿವಾಲ್ವರ್ ಅಂದರೆ .38 ಸ್ಪೆಷಲ್ ಅಥವಾ .357 ಮ್ಯಾಗ್ನಮ್, ಎರಡೂ .32ಕ್ಕಿಂತ ಜೋರಿನ ತೋಟಾ. ಸ್ಮಿತ್ ಅಂಡ್ ವೆಸನ್ ಕಂಪನಿಯ, ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಫ್ರೇಮಿನ ಚಿಕ್ಕ .357 ರಿವಾಲ್ವರ್ 350 ಗ್ರಾಂ ಕೂಡ ಇರುವುದಿಲ್ಲ. ಅಷ್ಟು ಹಗುರದ ರಿವಾಲ್ವರಿನಿಂದ ಮ್ಯಾಗ್ನಮ್ ತೋಟಾ ಹಾರಿಸಿದರೆ ಅಂಗೈ ಉರಿಯುತ್ತದೆ, ಐದು ಗುಂಡಿನ ಮೇಲೆ ಆರನೆಯದು ಹಾರಿಸುವುದಕ್ಕೆ ಮನಸ್ಸೇ ಬರುವುದಿಲ್ಲ. ಒದೆತ ಎಷ್ಟು ಜೋರು ಅಂದರೆ ಸಿಲಿಂಡರಿನಲ್ಲಿ, ಅಂದರೆ ತೋಟಾ ತುಂಬುವ ತಿರುಗುವ ಭಾಗದಲ್ಲಿ, ಉಳಿದ ತೋಟಾಗಳ ಗುಂಡು ಕೇಸಿನಿಂದ ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದೆ ನಿಂತುಬಿಡುವುದೂ ಉಂಟು.

ನಮ್ಮ .32 ಆ ಜಾತಿಯದ್ದಲ್ಲ. ಇದು 1896ರಲ್ಲಿ ಬಂದ ಹಳೆಯ ಸಾಧು ತೋಟಾ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 215 ಮೀಟರ್. ಒಳಗಿನ ಒತ್ತಡ .357ರ ಅರ್ಧಕ್ಕೂ ಕಡಿಮೆ. ನಮ್ಮ ದೇಶದಲ್ಲಿ 9 ಎಂಎಂನಂಥ ಸೈನ್ಯದ ತೋಟಾಗಳು ನಿಷೇಧಿತ ಬೋರ್‌ಗೆ, ಅಂದರೆ ಜನಸಾಮಾನ್ಯರಿಗೆ ಕೊಡದ ಅಳತೆಗೆ, ಸೇರಿರುವುದರಿಂದ ಜನಸಾಮಾನ್ಯರ ರಿವಾಲ್ವರ್ ಅಂದರೆ .32 ಅನ್ನುವ ಹಾಗೆ ಆಗಿದೆ. ನಿರ್ಭೀಕ್ ಅರ್ಧ ಕೆಜಿಯ ಮೇಲೆ ಸ್ವಲ್ಪ ತೂಗುತ್ತದೆ, 525 ಗ್ರಾಂ ಅಂತ ಇಟ್ಟುಕೊಳ್ಳಿ. ಕಾನ್ಪುರದ ಕಾರ್ಖಾನೆಯ ಹಳೆಯ ಉಕ್ಕಿನ .32 ಏಳುನೂರು ಗ್ರಾಂ ಆಸುಪಾಸು. ಅದೇ ತೋಟಾ ಹಾಕಿದರೆ ಹಗುರದ್ದರಲ್ಲಿ ಒದೆತದ ಶಕ್ತಿ ಸುಮಾರು ಮೂರನೇ ಒಂದು ಭಾಗ ಜಾಸ್ತಿ. ಕೇಳುವುದಕ್ಕೆ ಜಾಸ್ತಿ ಅನ್ನಿಸಬಹುದು. ಆದರೆ ಮೂಲದಲ್ಲೇ ಅದು ಕಡಿಮೆ. ಅಮೆರಿಕದ ಆ 350 ಗ್ರಾಂ ಮ್ಯಾಗ್ನಮ್ ಜೊತೆ ಲೆಕ್ಕ ಹಾಕಿದರೆ ನಿರ್ಭೀಕ್‌ನ ಒದೆತ ಹತ್ತರಲ್ಲಿ ಒಂದು ಪಾಲೂ ಬರುವುದಿಲ್ಲ. ಮನೆಯಲ್ಲಿ ಹನ್ನೆರಡು ಬೋರಿನ ಜೋಡಿ ನಳಿಗೆಯ ಕೋವಿ ಒಮ್ಮೆಯಾದರೂ ಹೊಡೆದಿದ್ದರೆ, ಈ ಎರಡು ರಿವಾಲ್ವರಿನ ವ್ಯತ್ಯಾಸ ನಿಮ್ಮ ಮಣಿಕಟ್ಟಿಗೆ ದೊಡ್ಡದು ಅನ್ನಿಸುವುದಿಲ್ಲ.

ಹಾಗಾದರೆ ಉಕ್ಕು ಯಾಕೆ?

ಟ್ರಿಗರ್ ಮೇಡಂ, ಟ್ರಿಗರ್. ಗುಂಡು ಹೊರಟ ಮೇಲೆ ಆಗುವ ಒದೆತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗುಂಡು ಹೊರಡುವುದಕ್ಕೆ ಮುಂಚೆ ಕೈಯಲ್ಲಿ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಹ್ಯಾಮರ್ ಅಂದರೆ ಹಿಂದಿನಿಂದ ಬಡಿದು ತೋಟಾ ಸಿಡಿಸುವ ಸುತ್ತಿಗೆ. ರಿವಾಲ್ವರ್ ಟ್ರಿಗರನ್ನು ಹ್ಯಾಮರ್ ಎತ್ತದೆ ನೇರವಾಗಿ ಎಳೆದರೆ, ಆ ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಬೇಕು, ಹ್ಯಾಮರ್ ಹಿಂದೆ ಹೋಗಬೇಕು, ಮತ್ತೆ ಬೀಳಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದೂವರೆ ಕೆಜಿ ಬಲ ಬೇಕು. ಈಗ ಯೋಚನೆ ಮಾಡಿ. ಅರ್ಧ ಕೆಜಿಯ ವಸ್ತುವನ್ನು ಗುರಿಯ ಮೇಲೆ ಅಲ್ಲಾಡದ ಹಾಗೆ ಹಿಡಿದುಕೊಂಡು, ಅದರ ಹತ್ತು ಪಟ್ಟು ತೂಕದಷ್ಟು ಬಲವನ್ನು ಒಂದೇ ಬೆರಳಿನಲ್ಲಿ ಹಾಕಬೇಕು. ಏಳುನೂರು ಗ್ರಾಂ ಇದ್ದರೆ ಅದು ಏಳು ಪಟ್ಟಿಗೆ ಇಳಿಯುತ್ತದೆ. ಹಗುರದ ಫ್ರೇಮ್ ಬೆರಳಿನ ಪ್ರತಿ ಎಳೆತಕ್ಕೂ ಒಪ್ಪಿಕೊಂಡುಬಿಡುತ್ತದೆ. ಮೂತಿ ಎಡಕ್ಕೋ ಕೆಳಕ್ಕೋ ಜಾರುತ್ತದೆ. ಉಕ್ಕಿನ ಫ್ರೇಮ್ ಸ್ವಲ್ಪ ಹಠ ಮಾಡುತ್ತದೆ, ಅಲ್ಲೇ ನಿಲ್ಲುವುದಕ್ಕೆ ನೋಡುತ್ತದೆ. ಪಳಗಿದ ಕೈಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಹೊಡೆಯುವ ಕೈಗೆ ಇದೇ ಎಲ್ಲ.

ನಾನು ಹೇಳಿದ್ದನ್ನು ಸುಮ್ನೆ ನಂಬಬೇಡಿ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಪರ್ಸಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡು ಹೋಗಿ. ರಿವಾಲ್ವರ್ ಖಾಲಿ ಇದೆಯಾ ಅಂತ ಅಂಗಡಿಯವರು ನೋಡಲಿ, ಆಮೇಲೆ ನೀವೂ ತೆರೆದು ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಕೋಣೆ ಕಣ್ಣಾರೆ ನೋಡಿ, ಬೆರಳು ಹಾಕಿ ಮುಟ್ಟಿ. ಮದ್ದಿಲ್ಲದ ಡಮ್ಮಿ ತೋಟಾ ಹಾಕಿಕೊಡಿ ಅಂತ ಕೇಳಿ, ಯಾಕೆಂದರೆ ಬರೀ ಖಾಲಿ ಹೊಡೆದರೆ ಹಳೆಯ ಮಾದರಿಗಳಲ್ಲಿ ಫೈರಿಂಗ್ ಪಿನ್ನಿಗೆ ಏಟು ಬೀಳುತ್ತದೆ. ಮನುಷ್ಯರು ಇಲ್ಲದ ಗಟ್ಟಿ ಗೋಡೆಯ ಕಡೆ ಮೂತಿ ಇರಲಿ. ಎರಡೂ ಕೈಯಲ್ಲಿ ಹಿಡಿದು ತೋಳು ಚಾಚಿ. ಅಂಗಡಿಯವರು ಆ ನಾಣ್ಯವನ್ನು ಬ್ಯಾರೆಲಿನ ಮೇಲೆ, ಫ್ರಂಟ್ ಸೈಟಿನ ಹಿಂದೆ ಇಡಲಿ. ಈಗ ಹ್ಯಾಮರ್ ಎತ್ತದೆ ನಿಧಾನಕ್ಕೆ ಟ್ರಿಗರ್ ಎಳೆಯಿರಿ. ಹ್ಯಾಮರ್ ಬಿದ್ದ ಮೇಲೂ ನಾಣ್ಯ ಅಲ್ಲೇ ಕೂತಿದ್ದರೆ ನಿಮ್ಮ ಕೈ ಗುರಿ ಕೆಡಿಸಲಿಲ್ಲ ಅಂತ ಅರ್ಥ. ಎರಡೂ ರಿವಾಲ್ವರಿನಲ್ಲಿ ಹತ್ತತ್ತು ಸಲ ಮಾಡಿ, ಎಷ್ಟು ಸಲ ನಾಣ್ಯ ಬಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಳೆದ ವರ್ಷ ನನ್ನ ಹತ್ತಿರ ಕಲಿಯಲು ಬಂದಿದ್ದ ಅಡಿಕೆ ವ್ಯಾಪಾರಿಯೊಬ್ಬರಿಗೆ ಹಗುರದ್ದರಲ್ಲಿ ಹತ್ತಕ್ಕೆ ಎಂಟು ಸಲ ನಾಣ್ಯ ಟಣ್ ಅಂತ ನೆಲಕ್ಕೆ ಬಿತ್ತು, ಉಕ್ಕಿನದ್ದರಲ್ಲಿ ಮೂರು ಸಲ. ಅದೇ ಕೈ, ಅದೇ ಬೆಳಗ್ಗೆ. ಅವರು ಇನ್ನೇನೂ ಕೇಳಲಿಲ್ಲ.

ಒಂದು ವೇಳೆ ನಿಮ್ಮ ಕೈಯಲ್ಲಿ ಎರಡೂ ಒಂದೇ ಥರ ಬಂದರೆ, ಅಥವಾ ಹಗುರದ್ದೇ ಚೆನ್ನಾಗಿ ನಿಂತರೆ, ನನ್ನ ಮಾತು ಬಿಡಿ, ಹಗುರದ್ದನ್ನೇ ತಗೊಳ್ಳಿ. ಹಿಡಿಯ ಆಕಾರವೂ ಇಲ್ಲಿ ಕೆಲಸ ಮಾಡುತ್ತದೆ. ಹಿಡಿ ದಪ್ಪ ಆಗಿದ್ದು ಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗಿದರೆ ಯಾವ ಲೋಹವಾದರೂ ಎಳೆಯುವುದು ಕಷ್ಟ. ತೋರುಬೆರಳಿನ ಮೊದಲನೇ ಗೆಣ್ಣು ಟ್ರಿಗರಿನ ಮೇಲೆ ಬರಬೇಕು, ಆಗಲೂ ರಿವಾಲ್ವರ್ ನಿಮ್ಮ ಮುಂಗೈಗೆ ನೇರವಾಗಿ ಇರಬೇಕು. ಮಣಿಕಟ್ಟು ತಿರುಚಿದರೆ ಮಾತ್ರ ಬೆರಳು ಮುಟ್ಟುತ್ತದೆ ಅಂದರೆ ಆ ಹಿಡಿ ನಿಮ್ಮದಲ್ಲ. ನಿಮ್ಮ ನೋವಿಗೆ ನಿಜವಾದ ಶತ್ರು ಅದು, ಒದೆತ ಅಲ್ಲ. ಹಿಡಿ ಬದಲಾಯಿಸಿಕೊಡುತ್ತಾರಾ ಅಂತ ಕೇಳಿ, ಬೆರಳ ಮಧ್ಯೆ ತುಂಬಿಕೊಳ್ಳುವ ರಬ್ಬರ್ ಹಿಡಿ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹ್ಯಾಮರ್ ಎತ್ತಿಕೊಂಡು ಹೊಡೆದರೆ ಟ್ರಿಗರ್ ಹಗುರ ಆಗುತ್ತದಲ್ಲ ಅಂತ ನೀವು ಕೇಳಬಹುದು. ಆಗುತ್ತದೆ, ತುಂಬಾ ಹಗುರ ಆಗುತ್ತದೆ. ಗುರಿ ಹಲಗೆಗೆ ಅದು ಚೆನ್ನ. ಆದರೆ ಭಯದಲ್ಲಿ, ಕತ್ತಲೆಯಲ್ಲಿ, ನಡುಗುವ ಕೈಯಲ್ಲಿ ಹ್ಯಾಮರ್ ಎತ್ತಿದ ರಿವಾಲ್ವರ್ ಹಿಡಿದುಕೊಂಡು ನಿಲ್ಲುವುದು ಬೇಡ. ಹೊಡೆಯುವ ಮನಸ್ಸಿಲ್ಲದಿದ್ದರೂ ಬೆರಳು ಹೊಡೆದುಬಿಡುತ್ತದೆ. ಆಮೇಲೆ ಆ ಹ್ಯಾಮರನ್ನು ಹೊಡೆಯದೆ ಕೆಳಗಿಳಿಸುವುದು ಇನ್ನೂ ಅಪಾಯದ ಕೆಲಸ. ಆ ಹೊತ್ತಿನಲ್ಲಿ ಎಷ್ಟೋ ಜನರ ಹೆಬ್ಬೆರಳು ಜಾರಿದೆ.

ಇನ್ನು ಹೊತ್ತುಕೊಂಡು ಓಡಾಡುವ ವಿಷಯ. ಹಗುರದ ರಿವಾಲ್ವರ್ ಹುಟ್ಟಿದ್ದೇ ಇದಕ್ಕೆ. ಬೆಳಗ್ಗೆ ಸೊಂಟಕ್ಕೆ ಸಿಕ್ಕಿಸಿದರೆ ರಾತ್ರಿವರೆಗೂ ತೆಗೆಯದ ಜನ ಇದ್ದಾರೆ. ಒಡವೆ ವ್ಯಾಪಾರಿಗಳು, ದಿನಾ ನಗದು ಸಾಗಿಸುವವರು. ಅವರಿಗೆ ಭಾರದ ರಿವಾಲ್ವರ್ ಮೂರನೇ ತಿಂಗಳಿಗೆ ಬೀರು ಸೇರುತ್ತದೆ, ಬೀರುವಿನಲ್ಲಿ ಇರುವ ರಿವಾಲ್ವರ್ ದಾರಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ನಾನೇ ಹಗುರದ್ದು ತಗೊಳ್ಳಿ ಅಂತ ಹೇಳುತ್ತೇನೆ, ಆದರೆ ಅಭ್ಯಾಸ ಎರಡರಷ್ಟು ಮಾಡಿ ಅಂತಲೂ ಸೇರಿಸುತ್ತೇನೆ. ನೀವು ಹಾಗಲ್ಲ. ನಿಮ್ಮದು ಮನೆಯಲ್ಲಿ ಇರುತ್ತದೆ, ತಿಂಗಳಿಗೆ ಎರಡು ಮೂರು ಸಲ ಜೀಪಿನಲ್ಲಿ ನಿಮ್ಮ ಜೊತೆ ಪೇಟೆಗೆ ಬರುತ್ತದೆ. ಎರಡರ ನಡುವೆ ತೂಕದ ವ್ಯತ್ಯಾಸ ಸುಮಾರು 175 ಗ್ರಾಂ, ಅಂದರೆ ಒಂದು ಮೊಬೈಲ್ ಫೋನಿನಷ್ಟು. ತಿಂಗಳಿಗೆ ಮೂರು ದಿನ ಒಂದು ಫೋನ್ ಜಾಸ್ತಿ ಹೊರುವುದು ತಪ್ಪಲಿ ಅಂತ ಪ್ರತಿ ಗುಂಡಿಗೂ ಕಷ್ಟಪಡುವುದು ಯಾವ ಲೆಕ್ಕ?

ಸಂಶಯ ಇದ್ದರೆ ಇದನ್ನೂ ಪರೀಕ್ಷೆ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಒಂದು ಪ್ಲಾಸ್ಟಿಕ್ ಕವರಿಗೆ ನಿಮ್ಮ ತೋಟದ ಕಾಫಿ ಪುಡಿ 525 ಗ್ರಾಂ ತೂಗಿ ಹಾಕಿ, ಇನ್ನೊಂದಕ್ಕೆ 700 ಗ್ರಾಂ. ಒಂದು ವಾರ ಇದು, ಒಂದು ವಾರ ಅದು, ರಿವಾಲ್ವರ್ ಎಲ್ಲಿಟ್ಟುಕೊಳ್ಳಬೇಕು ಅಂದುಕೊಂಡಿದ್ದೀರೋ ಅಲ್ಲೇ ಇಟ್ಟುಕೊಂಡು ಓಡಾಡಿ. ಸೊಂಟಕ್ಕೋ ಭುಜಕ್ಕೋ ನಿಜವಾಗಿ ತೊಂದರೆ ಆಗುತ್ತದಾ ನೋಡಿ.

ವ್ಯಾನಿಟಿ ಬ್ಯಾಗಿನಲ್ಲಿ ಮಾತ್ರ ಇಡಬೇಡಿ. ಬ್ಯಾಗನ್ನು ನಾವು ಎಲ್ಲಿ ಬೇಕಾದರೂ ಇಟ್ಟುಬಿಡುತ್ತೇವೆ. ಬ್ಯಾಂಕಿನ ಕೌಂಟರಿನ ಮೇಲೆ, ನೆಂಟರ ಮನೆಯ ಸೋಫಾದ ಮೇಲೆ, ಜೀಪಿನ ಸೀಟಿನ ಮೇಲೆ. ಮೊಮ್ಮಕ್ಕಳು ಚಾಕೊಲೇಟ್ ಹುಡುಕುವುದೂ ಅದೇ ಬ್ಯಾಗಿನಲ್ಲಿ ಅಲ್ವಾ? ಕಸಿದುಕೊಂಡು ಓಡುವವನೂ ಅದನ್ನೇ ಕಸಿಯುತ್ತಾನೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಸೊಂಟಕ್ಕೆ ಕಟ್ಟಿಕೊಳ್ಳಿ, ಮೇಲೆ ಸ್ವೆಟರೋ ಜರ್ಕಿನೋ ಇರಲಿ, ಯಾರಿಗೂ ಕಾಣಬಾರದು. ಬೀಳಿಸಿದರೆ ಹ್ಯಾಮರಿನಿಂದ ತೋಟಾಗೆ ಏಟು ಬೀಳದ ವ್ಯವಸ್ಥೆ ನೀವು ಕೊಳ್ಳುವ ಮಾದರಿಯಲ್ಲಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಖಚಿತ ಆಗದಿದ್ದರೆ ಐದೇ ತೋಟಾ ಹಾಕಿ, ಹ್ಯಾಮರ್ ಕೆಳಗಿನ ಕೋಣೆ ಖಾಲಿ ಬಿಡಿ. ಮನೆಯಲ್ಲಿದ್ದಾಗ ಬೀಗ ಹಾಕುವ ಗಟ್ಟಿ ಪೆಟ್ಟಿಗೆಯಲ್ಲಿ ಇರಬೇಕು, ಕೀಲಿ ನಿಮ್ಮ ಹತ್ತಿರ ಮಾತ್ರ. ದಿಂಬಿನ ಕೆಳಗೆ ಇಡುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ, ದಯವಿಟ್ಟು ಅದು ಬೇಡ.

ಹೆಂಗಸರಿಗೆ ಹಗುರದ್ದೇ ಅನ್ನುವ ಮಾತಿಗೆ ಬರುತ್ತೇನೆ. ನಿರ್ಭೀಕ್ ಬಂದಿದ್ದು 2014ರ ಜನವರಿಯಲ್ಲಿ, ಕಾನ್ಪುರದ ಕಾರ್ಖಾನೆಯಿಂದ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಆ ಘೋರ ನಿರ್ಭಯಾ ಘಟನೆಯ ನೆನಪಿನಲ್ಲೇ ಹೆಸರು ಇಟ್ಟು, ಹೆಂಗಸರ ರಿವಾಲ್ವರ್ ಅಂತಲೇ ಮಾರಿದರು. ಆಗಲೇ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ಇತ್ತು, ಒಡವೆ ಪೆಟ್ಟಿಗೆಯ ಥರದ ಮರೂನ್ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಆಯುಧದ ಬಗ್ಗೆ ನನ್ನ ತಕರಾರಿಲ್ಲ. ಹೆಂಗಸು ಅಂದ ತಕ್ಷಣ ಹಗುರದ್ದು ಅನ್ನುವ ಯೋಚನೆಯ ಬಗ್ಗೆ ಇದೆ. ಹೊರುವಾಗ ಹಗುರ ಇದ್ದದ್ದು ಹೊಡೆಯುವಾಗ ಸುಲಭ ಇರಬೇಕು ಅಂತೇನಿಲ್ಲ. ಗಂಡಾಗಲಿ ಹೆಣ್ಣಾಗಲಿ, ಬೆರಳಿನಲ್ಲಿ ಬಲ ಕಡಿಮೆ ಇದ್ದವರಿಗೆ ರಿವಾಲ್ವರ್ ಸ್ವಲ್ಪ ಭಾರ ಇದ್ದಷ್ಟೂ ಅನುಕೂಲ. ನೀವು ತೋಟದಲ್ಲಿ ದಿನಾ ಮೂಟೆ, ಕ್ಯಾನು ಎತ್ತಿಡುವವರು, ಏಳುನೂರು ಗ್ರಾಂ ಎತ್ತುವುದಕ್ಕೆ ಆಗುವುದಿಲ್ಲ ಅಂತ ಅಂಗಡಿಯವರು ಯಾಕೆ ಅಂದುಕೊಳ್ಳಬೇಕು?

ಹಗುರದ್ದು ಬೇಗ ಹಾಳಾಗುತ್ತದೆ ಅನ್ನುವ ಮೈದುನರ ಮಾತಿನ ಹಿಂದೆ ಒಂದು ನಿಜವಾದ ಕಥೆ ಇದೆ. ಅಮೆರಿಕದಲ್ಲಿ 1950ರ ಹೊತ್ತಿಗೆ ಕೋಲ್ಟ್ ಕಂಪನಿ ಅಲ್ಯೂಮಿನಿಯಂ ಫ್ರೇಮಿನ ಕೋಬ್ರಾ ತಂದಿತು, ಬೆನ್ನಲ್ಲೇ ಸ್ಮಿತ್ ಅಂಡ್ ವೆಸನ್ ಏರ್‌ವೇಟ್ ತಂದಿತು. ಅಲ್ಲಿನ ವಾಯುಪಡೆ ಇನ್ನೂ ಹಗುರ ಬೇಕು ಅಂತ ಪೈಲಟ್‌ಗಳಿಗಾಗಿ ಸಿಲಿಂಡರನ್ನೂ ಅಲ್ಯೂಮಿನಿಯಂನಲ್ಲೇ ಮಾಡಿಸಿತು. ತೋಟಾ ಸಿಡಿಯುವ ಜಾಗ ಅದು, ಒತ್ತಡ ಪೂರ್ತಿ ಬೀಳುವುದು ಅಲ್ಲೇ. ಸಿಲಿಂಡರ್ ಸೀಳುವ ಭಯಕ್ಕೆ ಕಡಿಮೆ ಶಕ್ತಿಯ ತೋಟಾ ಬೇರೆ ಮಾಡಿಸಬೇಕಾಯಿತು, ಕೊನೆಗೆ ಆ ರಿವಾಲ್ವರ್‌ಗಳನ್ನು ವಾಪಸ್ ತಗೊಂಡು ಹೆಚ್ಚಿನವನ್ನು ನಾಶ ಮಾಡಿದರು. ಅಲ್ಲಿಂದ ಕಲಿತ ಪಾಠ, ಫ್ರೇಮ್ ಅಲ್ಯೂಮಿನಿಯಂ ಆದರೂ ಸಿಲಿಂಡರ್ ಮಾತ್ರ ಉಕ್ಕು ಅಥವಾ ಟೈಟಾನಿಯಂ ಇರಬೇಕು ಅನ್ನುವುದು.

ಟೈಟಾನಿಯಂ ಬೇರೆಯೇ ಲೋಹ. ಉಕ್ಕಿನ ಸುಮಾರು ಅರವತ್ತು ಪರ್ಸೆಂಟ್ ತೂಕದಲ್ಲಿ ಉಕ್ಕಿಗೆ ಹತ್ತಿರದ ಗಟ್ಟಿತನ ಕೊಡುತ್ತದೆ. .32ರಂಥ ಕಡಿಮೆ ಒತ್ತಡದ ತೋಟಾಗೆ ಅದು ಧಾರಾಳ ಸಾಕು. ಅದರ ದೋಷ ಒಂದೇ, ಉಜ್ಜಾಡುವ ಜಾಗದಲ್ಲಿ ಒಣಗಿದ್ದರೆ ಟೈಟಾನಿಯಂ ಟೈಟಾನಿಯಂಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ರಿವಾಲ್ವರ್ ಬಗ್ಗಿಸಿ ತೆರೆಯುವ ಬಿಜಾಗರಿಯ ಜಾಗದಲ್ಲಿ ಎಣ್ಣೆ ಆರಬಾರದು, ಮರಳು ಕಾಗದ, ಒರಟು ಪಾಲಿಶ್ ಅದರ ಹತ್ತಿರ ಬರಬಾರದು. ನೋಡಿಕೊಂಡರೆ ನಿಮ್ಮ ಕಾಲ ಪೂರ್ತಿ ಬರುತ್ತದೆ.

ಲೋಹ ಯಾವುದೇ ಇರಲಿ, ಅಂಗಡಿಯಲ್ಲಿ ಇದನ್ನಂತೂ ನೋಡಲೇಬೇಕು. ನಮ್ಮಲ್ಲಿ ಸಿಗುವ ಹೆಚ್ಚಿನ .32ಗಳು ಜೋಡಿ ನಳಿಗೆಯ ಕೋವಿಯ ಹಾಗೆ ನಡು ಬಗ್ಗಿಸಿ ತೆರೆಯುವ ಜಾತಿ. ಮುಚ್ಚಿದ ಮೇಲೆ ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಬ್ಯಾರೆಲ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬಿಜಾಗರಿಯಲ್ಲಾಗಲಿ ಮೇಲಿನ ಚಿಲಕದಲ್ಲಾಗಲಿ ಲೊಡಲೊಡ ಅನ್ನಬಾರದು. ಹಳೆಯದನ್ನು ಯಾರಿಂದಲಾದರೂ ಕೊಳ್ಳುವುದಾದರೆ ಇದು ಇನ್ನೂ ಮುಖ್ಯ. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವುದು ಬೇಕು ಅನ್ನಿಸಿದರೆ ಪ್ರಬಲ್ ಅಂತ ಒಂದಿದೆ, 2023ರಲ್ಲಿ ಕಾನ್ಪುರದಿಂದಲೇ ಬಂದದ್ದು, ತೋಟಾ ಬಿಟ್ಟು 675 ಗ್ರಾಂ. ತೂಕದಲ್ಲಿ ಅದು ನಾನು ಹೇಳುತ್ತಿರುವ ಕಡೆಯೇ ನಿಲ್ಲುತ್ತದೆ. ಹಾಗಾಗಿ ನಾಣ್ಯದ ಪರೀಕ್ಷೆಗೆ ಅದನ್ನೂ ಸೇರಿಸಿಕೊಳ್ಳಿ.

ಅಭ್ಯಾಸ ಎಲ್ಲಿ ಮಾಡೋದು ಅನ್ನುವುದು ನಮ್ಮ ರಾಜ್ಯದಲ್ಲಿ ಎಲ್ಲರ ಕಷ್ಟ. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ, ಅದರಲ್ಲಿ ಅರ್ಧವನ್ನಾದರೂ ಅಗತ್ಯಕ್ಕೆ ಅಂತ ಮನೆಯಲ್ಲಿ ಉಳಿಸಿಕೊಳ್ಳಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಡಿ. ಅಲ್ಲಿ ನಿಮ್ಮದೇ ರಿವಾಲ್ವರ್ ಹೊಡೆಸದಿದ್ದರೂ ಹಿಡಿಯುವುದು, ತೆರೆಯುವುದು, ಬೆರಳನ್ನು ಟ್ರಿಗರಿನ ಹೊರಗೆ ಇಡುವುದು ಮೈಗೆ ಹತ್ತುತ್ತದೆ. ಮಿಕ್ಕದ್ದು ಮನೆಯಲ್ಲಿ, ಡಮ್ಮಿ ತೋಟಾದಲ್ಲಿ. ಮದ್ದಿರುವ ನಿಜವಾದ ತೋಟಾ ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ, ಅಭ್ಯಾಸದ ಕೋಣೆಗೆ ಒಂದೂ ಬರಬಾರದು. ದಿನಕ್ಕೆ ಹತ್ತು ನಿಮಿಷ, ನಾಣ್ಯ ಬೀಳದ ಹಾಗೆ ಇಪ್ಪತ್ತು ಎಳೆತ. ಮಣಿಕಟ್ಟು ನೋಯಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಎಡಗೈ ಬೆರಳು ಸಿಲಿಂಡರಿನ ಮುಂದಿನ ಸಂದಿಯ ಪಕ್ಕ ಬರದ ಹಾಗೆ ಈಗಲೇ ರೂಢಿ ಮಾಡಿಕೊಳ್ಳಿ. ನಿಜವಾಗಿ ಹೊಡೆಯುವಾಗ ಆ ಸಂದಿಯಿಂದ ಬಿಸಿ ಗಾಳಿ, ಸೀಸದ ಚೂರು ಚಿಮ್ಮುತ್ತದೆ.

ಕೊನೆಗೆ ತುಕ್ಕು. ನಿಮ್ಮ ಭಯ ಸರಿಯಾಗಿದೆ, ಉಕ್ಕು ತಗೊಂಡರೆ ಈ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಉಕ್ಕಿನ ಮೇಲಿನ ಕಪ್ಪು ಲೇಪ ಎಷ್ಟು ದಿನ ತಡೆದೀತು? ಟೈಟಾನಿಯಂ ಇಲ್ಲಿ ನಿಜವಾಗಿ ಗೆಲ್ಲುತ್ತದೆ, ಅದಕ್ಕೆ ತುಕ್ಕಿಲ್ಲ. ಆದರೆ ಹಗುರದ ರಿವಾಲ್ವರಿನಲ್ಲೂ ಸ್ಪ್ರಿಂಗು, ತಿರುಪು ಉಕ್ಕಿನವೇ. ಒರೆಸುವ ಕೆಲಸ ಯಾವುದಾದರೂ ತಪ್ಪುವುದಿಲ್ಲ. ಹತ್ತು ದಿನಕ್ಕೆ ಒಮ್ಮೆ, ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕು ದಿನಕ್ಕೆ ಒಮ್ಮೆ, ಮೆತ್ತನೆಯ ಹತ್ತಿ ಬಟ್ಟೆಗೆ ಎರಡು ಹನಿ ಗನ್ ಎಣ್ಣೆ ಹಾಕಿ ಪೂರ್ತಿ ಒರೆಸಿ. ಗನ್ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಆಗುತ್ತದೆ. ಚರ್ಮದ ಹೋಲ್ಸ್ಟರಿನೊಳಗೆ ಇಟ್ಟು ತಿಂಗಳುಗಟ್ಟಲೆ ಬಿಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲ ಶುರುವಾಗುವ ಮೊದಲು ಹೊಸದು ಹಾಕಿ. ತೋಟಾದ ಹಿತ್ತಾಳೆ ಕೇಸಿನ ಮೇಲೆ ಹಸಿರು ಕಿಲುಬು ಕಂಡರೆ ಅವನ್ನು ನಂಬಬೇಡಿ, ಬೇರೆ ತೆಗೆದಿಟ್ಟು ಅಂಗಡಿಯವರಿಗೆ ತೋರಿಸಿ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಮ್ಮ ಕಡೆ ಕೋವಿಗೆ ಅದನ್ನೇ ಹಚ್ಚುವ ಮನೆಗಳು ಬೇಕಾದಷ್ಟಿವೆ. ಚಳಿಗೆ ಅದು ಗಟ್ಟಿಯಾಗುತ್ತದೆ, ಒಳಗಿನ ಸ್ಪ್ರಿಂಗಿನ ಜಾಗದಲ್ಲಿ ಅಂಟಾಗಿ ಕೂರುತ್ತದೆ, ಡಿಸೆಂಬರಿನ ಬೆಳಗಿನ ಜಾವ ಟ್ರಿಗರ್ ಮೊದಲಿನಂತೆ ಓಡುವುದಿಲ್ಲ. ಆಯುಧ ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಹೂವಿಡಿ, ನಾನೂ ಇಡುತ್ತೇನೆ. ಆದರೆ ತೋಟಾ ತೆಗೆದು ಪೂಜೆ ಮಾಡಿ, ತೆಂಗಿನಕಾಯಿ ನೀರು ಅದರ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಅದೇ ದಿನ ಸಂಜೆ ಒರೆಸಿ ಎಣ್ಣೆ ಹಚ್ಚಿ. ಹೂವಿನ ಎಸಳು ಅಂಟಿದ್ದ ಜಾಗದಲ್ಲಿ ಎಸಳಿನದ್ದೇ ಆಕಾರದಲ್ಲಿ ಉಕ್ಕು ತುಕ್ಕು ತಿಂದಿದ್ದನ್ನು ನಾನು ನೋಡಿದ್ದೇನೆ.

ಚುನಾವಣೆ ಬಂದಾಗ ಆಯುಧ ಜಮಾ ಮಾಡಿ ಅಂತ ನೋಟಿಸು ಬರುತ್ತದೆ, ವಾರಗಟ್ಟಲೆ ಅದು ನಿಮ್ಮ ಕಣ್ಣೆದುರು ಇರುವುದಿಲ್ಲ. ಒಬ್ಬ ತೋಟದವರು ಹಾಗೆ ಕೊಡುವಾಗ ಹಳೆಯ ಉಣ್ಣೆ ಮಫ್ಲರಿನಲ್ಲಿ ಚೆನ್ನಾಗಿ ಸುತ್ತಿ ಕೊಟ್ಟಿದ್ದರು, ಪ್ರೀತಿಯಿಂದಲೇ. ವಾಪಸ್ ಬಂದಾಗ ನನ್ನ ಹತ್ತಿರ ತಂದರು. ಮಫ್ಲರ್ ಬಿಚ್ಚಿದರೆ ಬ್ಯಾರೆಲಿನ ಮೇಲೆ ನೇಯ್ಗೆಯ ಅಚ್ಚು ಹಾಗೇ ಇತ್ತು, ಸಾಲು ಸಾಲು ಕೆಂಪು ಚುಕ್ಕೆ. ನೀವು ಕೊಡುವ ದಿನ ಎಣ್ಣೆ ಸ್ವಲ್ಪ ಧಾರಾಳವಾಗಿ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ, ಅದರ ಮೇಲೆ ಬೇಕಾದರೆ ಬಟ್ಟೆ. ನಂಬರ್ ಬರೆದ ರಸೀದಿ ಕೈಗೆ ಬಂದ ಮೇಲೆಯೇ ಅಲ್ಲಿಂದ ಹೊರಡಿ, ವಾಪಸ್ ತಂದ ರಾತ್ರಿಯೇ ಬಿಚ್ಚಿ ಬ್ಯಾರೆಲಿನ ಒಳಗೆ ಬೆಳಕು ಹಾಯಿಸಿ ನೋಡಿ.